ಬೀಗರೂಟದ ಒಲೆಗೆ ಒಂದು ತುಂಡು ತೇಗ

ನಮ್ಮಕ್ಕನ ಬೀಗರೂಟದ ಒಲೆಯನ್ನು ನಾನು ಬೆಂಕಿಪೊಟ್ಟಣವಿಲ್ಲದೆ ಹಚ್ಚಿದೆ. ಕೇಳಿದವರಿಗೂ ಕೇಳದವರಿಗೂ ಇದನ್ನು ಹೇಳಿಕೊಂಡು ತಿರುಗುತ್ತೇನೆ. ಹಚ್ಚಿದ ಮೇಲೆ ಏನಾಯಿತು ಎಂಬುದನ್ನು ಮಾತ್ರ ನುಂಗಿಕೊಳ್ಳುತ್ತೇನೆ. ಇಲ್ಲಿ ಬರೆಯಲು ಧೈರ್ಯ ಬಂದಿರುವುದು ಯಾಕೆಂದರೆ, ನಮ್ಮಪ್ಪ ಪೇಪರ್ ಬಿಟ್ಟು ಬೇರೇನೂ ಓದುವುದಿಲ್ಲ. ಅದರಲ್ಲೂ ತೀರಿಕೊಂಡವರ ಫೋಟೋ ಬರುವ ಪುಟ ಮಾತ್ರ.

ಮೊದಲು ನನ್ನ ವಿಚಾರ. ಮದ್ದೂರಿನ ಒಂದು ಮೊಬೈಲ್ ಅಂಗಡಿಯಲ್ಲಿ ಒಡೆದ ಗಾಜು ಬದಲಾಯಿಸುತ್ತೇನೆ. ಅದು ಹೊಟ್ಟೆಪಾಡು. ಕಸುಬು ಅಂದರೆ ಮಿಮಿಕ್ರಿ. ಸ್ಕೂಲ್ ಡೇ, ಆರ್ಕೆಸ್ಟ್ರಾದ ನಡುವಿನ ಖಾಲಿ ಹೊತ್ತು, ಸಂಘದ ವಾರ್ಷಿಕೋತ್ಸವ, ಎಲ್ಲಿ ಮೈಕು ಸಿಕ್ಕರೆ ಅಲ್ಲಿ. ಬಸ್ ಸ್ಟ್ಯಾಂಡಿನ ಅನೌನ್ಸ್‌ಮೆಂಟ್ ಹೆಂಗಸು, ಡೇರಿಯಲ್ಲಿ ಹಾಲು ಅಳೆಯುವವನು, ಕೆಟ್ಟು ನಿಂತ ಬೋರ್‌ವೆಲ್ ಮೋಟಾರು, ನಮ್ಮಪ್ಪ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ನನಗೇ ಅಂತ ಒಂದು ದನಿ ಇದೆಯೋ ಇಲ್ಲವೋ ಖಚಿತವಿಲ್ಲ. ಗಾಬರಿಯಾದರೆ ಬಾಯಿಗೆ ಯಾರು ಮೊದಲು ಬರುತ್ತಾರೋ ಅವರ ದನಿಯಲ್ಲೇ ಮಾತಾಡಿಬಿಡುತ್ತೇನೆ. ಒಮ್ಮೆ ಪೊಲೀಸಿನವರು ನಿಲ್ಲಿಸಿ ಹೆಲ್ಮೆಟ್ ಎಲ್ಲಿ ಅಂದಾಗ ಬಸ್ ಸ್ಟ್ಯಾಂಡಿನ ಹೆಂಗಸಿನ ದನಿಯಲ್ಲಿ ಉತ್ತರ ಕೊಟ್ಟು, ಸುಮ್ಮನೆ ಒಂದು ಗಂಟೆ ಹೆಚ್ಚಿಗೆ ಬಿಸಿಲಲ್ಲಿ ನಿಂತಿದ್ದೆ.

ಅಕ್ಕನನ್ನು ಕೊಟ್ಟಿದ್ದು ಮಳವಳ್ಳಿ ಕಡೆಯ ಒಂದು ಹಳ್ಳಿಗೆ. ಮದುವೆ ಆಯಿತು, ಆಮೇಲೆ ಬೀಗರು ಸೇರಿ ಉಣ್ಣುವ ಮಾಂಸದ ಊಟ, ಬೀಗರೂಟ ಮಾತ್ರ ನಿಂತುಹೋಯಿತು. ಆ ವಾರವೇ ಅವರೂರಲ್ಲಿ ಹಬ್ಬ ಸಾರಿಬಿಟ್ಟಿದ್ದರು. ಸಾರಿದ ಮೇಲೆ ಹಬ್ಬ ಮುಗಿಯುವ ತನಕ ಊರೊಳಗೆ ಒಗ್ಗರಣೆ ಕೂಡ ಹಾಕುವಂತಿಲ್ಲ, ಇನ್ನು ಬಾಡಿನ ಮಾತೆಲ್ಲಿ ಬಂತು. ಹಬ್ಬ ಮುಗಿಯುವ ಹೊತ್ತಿಗೆ ಅವರ ಕಡೆ ಒಂದು ಸೂತಕ. ಸೂತಕ ಕಳೆದರೆ ಅಡುಗೆಯವರು ಸಿಗಲಿಲ್ಲ. ಹೀಗೆ ಶಿವರಾತ್ರಿಗೆ ಮುಂಚೆ ಆಗಬೇಕಿದ್ದ ಊಟ ಯುಗಾದಿ ದಾಟಿ ಸುಡುಬಿಸಿಲಿಗೆ ಬಂದು ನಿಂತಿತು.

ಆ ಮನೆಯಲ್ಲೊಂದು ಪದ್ಧತಿ ಇದೆ. ಬೀಗರೂಟದ ಒಲೆಯನ್ನು ಹೆಣ್ಣಿನ ತಮ್ಮನೋ ಅಣ್ಣನೋ ಹಚ್ಚಬೇಕು. ಹಚ್ಚಲು ಬೆಂಕಿ ಸಿಗದಂತೆ ನೋಡಿಕೊಳ್ಳುವುದು ಗಂಡಿನ ಕಡೆಯ ಹೆಂಗಸರ ಕೆಲಸ. ಬೆಂಕಿಪೊಟ್ಟಣ, ಲೈಟರು, ಕೊನೆಗೆ ದೇವರ ಮುಂದಿನ ದೀಪವನ್ನೂ ಬಚ್ಚಿಟ್ಟು, ಬಂದವನ ಜೇಬು ತಡಕಿ, ಸೌದೆಗೆ ನೀರು ಹೊಯ್ದು ನಗುತ್ತಾ ಕೂರುತ್ತಾರೆ. ಅವನು ಸೋತೆ ಅಂತ ಮೂರು ಸಲ ಹೇಳಿ, ಅವರು ಉಡಿಸಿದ ಸೀರೆ ಉಟ್ಟು ಒಲೆಯ ಸುತ್ತ ಕುಣಿದರೆ ಒಂದು ಕಡ್ಡಿ ಕೊಡುತ್ತಾರೆ. ಒಂದೇ ಕಡ್ಡಿ. ಹಿಂದೆ ಆ ಮನೆಗೆ ತಂಗಿಯನ್ನು ಕೊಟ್ಟಿದ್ದ ಒಬ್ಬರು ಈಗ ಪಂಚಾಯ್ತಿ ಮೆಂಬರ್ರು. ಅವರು ಸೀರೆ ಉಟ್ಟು ನಿಂತ ಫೋಟೋ ಇವತ್ತಿಗೂ ಅಲ್ಲಿಯ ನಡುಮನೆಯ ಗೋಡೆಯಲ್ಲಿದೆ.

ಇದನ್ನು ನನಗೆ ಫೋನಿನಲ್ಲಿ ತಿಳಿಸಿದವಳು ಭಾವನ ತಂಗಿ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ನನ್ನನ್ನು ಮಾತಾಡಿಸುವಾಗ ಮಾತ್ರ ಗಣಿತ, ಮರ್ಯಾದೆ ಎರಡನ್ನೂ ಸ್ಕೂಲಲ್ಲೇ ಬಿಟ್ಟು ಬರುತ್ತಾಳೆ.

"ಲೋ ಮಿಮಿಕ್ರಿ, ಕೆಂಪು ಸೀರೆನಾ, ಅಸ್ರು ಸೀರೆನಾ? ಈಗ್ಲೇ ಏಳ್ಬುಡು. ಜಾಕೀಟು ಒಲಿಯಕ್ಕೆ ಕೊಡ್ಬೇಕು."

"ನಾನ್ ಕಡ್ಡಿ ಕೇಳದೇ ಇಲ್ಲ ಕಣಮ್ಮ."

"ಇನ್ನೇನ್ ಕಣ್ಣಲ್ಲೇ ಅಚ್ತೀಯಾ?"

"ಕಿಡೀಲಿ ಅಚ್ತೀನಿ," ಅಂದುಬಿಟ್ಟೆ. ಯಾಕೆ ಅಂದೆನೋ ಗೊತ್ತಿಲ್ಲ. ಬಾಯಿ ಇರುವುದೇ ಅದಕ್ಕೆ.

ಇನ್ನು ಮಂಚದ ವಿಚಾರ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮಪ್ಪ ಡ್ರಿಲ್ ಮಾಸ್ಟರಾಗಿ ರಿಟೈರ್ ಆದವನು. ಈಗಲೂ ಊಟಕ್ಕೆ ಕೂತರೆ ಪಕ್ಕದವರಿಂದ ಒಂದು ತೋಳಿನಷ್ಟು ಅಂತರ ಬಿಡುತ್ತಾನೆ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಅಭ್ಯಾಸವಿಲ್ಲದವರು ಹೇಳಿದರೆ ಹೀಗೇ ಆಗುವುದು, ಅಳತೆ ಗೊತ್ತಿರುವುದಿಲ್ಲ. ಅಕ್ಕನಿಗೆ ಕೊಟ್ಟ ಸಾಮಾನಿನಲ್ಲಿ ಎಲ್ಲಕ್ಕಿಂತ ದೊಡ್ಡದು ಒಂದು ಮಂಚ. ಗೂಡ್ಸ್ ಆಟೋದಿಂದ ಅದನ್ನು ಇಳಿಸುವಾಗ ಅಕ್ಕನ ಮಾವ ಬಂದು ಸುತ್ತಲೂ ನೋಡಿ, ಬೆರಳ ಗೆಣ್ಣಿನಿಂದ ಎರಡು ಸಲ ಬಡಿದರು.

"ಯಾವ್ ಮರ ಬೀಗ್ರೇ?"

"ತೇಗ," ಅಂದ ಅಪ್ಪ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ನಿಲ್ಲಿಸಲಿಲ್ಲ. "ನಮ್ಮಪ್ಪ ನೆಟ್ಟಿದ್ದು. ಈ ಮಗ ಉಟ್ಟಿದ್ ವರ್ಸವೇ ಬದೀನ್ ಮ್ಯಾಲೆ ನೆಟ್ಟು, ದೊಡ್ಡೋಳಾದ್ರೆ ಇದ್ರಲ್ಲೇ ಮಂಚ ಮಾಡುಸ್ಬೇಕು ಅಂದಿದ್ರು. ಅದೇ ಮರ."

ಮಾವ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು. ಅವತ್ತಿನಿಂದ ಆ ಮಂಚ ಗಂಡ ಹೆಂಡತಿಯ ರೂಮಿಗೆ ಹೋಗಲೇ ಇಲ್ಲ. ನಡುಮನೆಯಲ್ಲೇ ನಿಂತಿತು. ಹಾಸಿಗೆ ಹಾಕಿದರೆ ಮರ ಕಾಣುವುದಿಲ್ಲ ಅಂತ ಹಾಸಿಗೆಯೂ ಬೇಡವಾಯಿತು. ಬಂದವರೆಲ್ಲ ಆ ಬರಿಯ ಮಂಚ ನೋಡಬೇಕು, ಕಥೆ ಕೇಳಬೇಕು, ಆಮೇಲೆ ಕಾಫಿ. ಅಕ್ಕ ಫೋನ್ ಮಾಡಿ, "ನಾವಿಬ್ರೂ ಚಾಪೆ ಮ್ಯಾಲೆ ಕಣೋ. ಮಂಚದ ಮ್ಯಾಲೆ ಮಾವಂದು ದರ್ಬಾರು," ಅನ್ನುತ್ತಿದ್ದಳು. ತಿಂಗಳು ಕಳೆದ ಹಾಗೆ ಕಥೆ ಬೆಳೆಯಿತು. ಮಾವನ ಬಾಯಲ್ಲಿ ನಮ್ಮ ತಾತ ಶಿಂಷಾ ಹೊಳೆಯಿಂದ ಹೆಗಲ ಮೇಲಿನ ಅಡ್ಡೆಯಲ್ಲಿ ನೀರು ಹೊತ್ತು ಆ ಗಿಡಕ್ಕೆ ಹಾಕತೊಡಗಿದರು. ನಿಜವಾದ ತಾತ ತನ್ನ ಸ್ನಾನದ ನೀರನ್ನೂ ಅಜ್ಜಿಯ ಕೈಲೇ ತೋಡಿಸುತ್ತಿದ್ದವರು.

ನಾನು ಕಿಡಿಕಡ್ಡಿ ತರಿಸಿದೆ. ಕಿರುಬೆರಳಷ್ಟು ಉದ್ದದ ಕರೀ ಕಡ್ಡಿ, ಅದನ್ನು ಕೆರೆಯಲು ಒಂದು ತಗಡು, ಬೀಗದ ಕೈ ಗೊಂಚಲಿಗೆ ಸೇರಿಸಿಕೊಳ್ಳಬಹುದು. ತಗಡಿನಿಂದ ಗಟ್ಟಿಯಾಗಿ ಕೆರೆದರೆ ವೆಲ್ಡಿಂಗ್ ಅಂಗಡಿಯಂತೆ ಕಿಡಿ ಉದುರುತ್ತದೆ. ವಿಡಿಯೋದಲ್ಲಿ ಗಡ್ಡದವನೊಬ್ಬ ಹಿಮದ ನಡುವೆ ಕೂತು, ಒಂದೇ ಸಲ ಕೆರೆದು, ಬೆಂಕಿ ಮಾಡಿ, ಕಾಫಿ ಕಾಯಿಸಿ ಕುಡಿಯುತ್ತಿದ್ದ. ನಾನು ನಮ್ಮ ಹಿತ್ತಿಲಲ್ಲಿ ಕೂತು ನಾನೂರು ಸಲ ಕೆರೆದೆ. ತೆಂಗಿನ ನಾರು ಒಂದಿಷ್ಟು ಹೊಗೆಯಾಡಿ, ನನ್ನನ್ನು ನಂಬಿಸಿ, ಆರಿಹೋಯಿತು. ಕಬ್ಬಿನ ತರಗು ಕಿಡಿ ಬಿದ್ದಲ್ಲಿ ಚುಕ್ಕೆಯಷ್ಟು ಕಪ್ಪಾಗಿ ಸುಮ್ಮನಾಯಿತು. ಸಾಂಬ್ರಾಣಿ ಹುಡಿ ಇಟ್ಟು ನೋಡೋಣ ಅಂತ ಹೊಗೆಯಾಡುವ ನಾರಿನ ಮೇಲೆ ಸುರಿದರೆ ಬೆಂಕಿ ಬರಲಿಲ್ಲ, ಅಮ್ಮ ಒಳಗಿನಿಂದ ಕೈ ಮುಗಿದುಕೊಂಡು ಬಂದಳು. ಜಾಲಿಯ ಗೋಂದು ಬೇಯುವ ಮುದ್ದೆಯ ಹಾಗೆ ಗುಳ್ಳೆ ಎಬ್ಬಿಸಿತೇ ಹೊರತು ಹೊತ್ತಲಿಲ್ಲ. ಗಡ್ಡದವನು ಬಳಸುತ್ತಿದ್ದುದು ರಾಳ ತುಂಬಿದ ಪೈನ್ ಮರದ ಬುಡ. ಅದನ್ನು ಚಾಕುವಿನ ಬೆನ್ನಿನಿಂದ ಕೆರೆದು ಹುಡಿ ಮಾಡಿ, ಹುಡಿಯ ಮೇಲೆ ಕಿಡಿ ಬೀಳಿಸಬೇಕಂತೆ. ಪೈನ್ ಮರ ಮಂಡ್ಯ ಜಿಲ್ಲೆಯಲ್ಲಿ ಎಲ್ಲಿದೆ? ಕಬ್ಬು, ಭತ್ತ, ತೆಂಗು, ನಾವು.

ಆಮೇಲೆ ಒಂದು ದಿನ ಕೊಟ್ಟಿಗೆಯಲ್ಲಿ ಹಸು ನೀರು ಕುಡಿಯುವ ಬಾನಿ ಅಲುಗಾಡದಂತೆ ಕೆಳಗೆ ಕೊಟ್ಟಿದ್ದ ಮರದ ತುಂಡು ಕಾಲಿಗೆ ತಾಗಿತು. ತಾಗಿದ್ದು ಅಂಟಿಕೊಂಡಿತು. ಚಪ್ಪಲಿ ಬಿಡಿಸಿಕೊಂಡು, ಕೂತು ಮೂಸಿ ನೋಡಿದೆ. ಪೇಂಟ್ ಅಂಗಡಿಯ ವಾಸನೆ. ನಡುವೆ ಒಂದು ಗಂಟು, ಅದರ ಸುತ್ತ ಮರ ಜೇನಿನ ಬಣ್ಣಕ್ಕೆ ತಿರುಗಿತ್ತು. ಆಚಾರಿ ನಮ್ಮ ಹಿತ್ತಿಲಲ್ಲೇ ಮಂಚ ಮಾಡಿದಾಗ ಉಳಿದ ತುಂಡುಗಳಲ್ಲಿ ಅದೊಂದು. ಉಳಿದವು ಅಲ್ಲೇ ಚೀಲದಲ್ಲಿದ್ದವು.

ಚಾಕುವಿನ ಬೆನ್ನಿನಿಂದ ಕೆರೆದೆ. ಅರಿಶಿನದ ಹುಡಿಯಂತೆ ಉದುರಿತು. ಒಂದು ಚಿಟಿಕೆ ಗುಡ್ಡೆ ಮಾಡಿ, ಬಗ್ಗಿ, ಕಿಡಿ ಹೊಡೆದೆ. ಮೊದಲ ಏಟಿಗೇ ಹೊತ್ತಿತು. ಎಷ್ಟು ಚೆನ್ನಾಗಿ ಅಂದರೆ ನನ್ನ ಎಡ ಹುಬ್ಬೂ ಜೊತೆಗೆ ಹೋಯಿತು. ಕರೀ ಹೊಗೆ ಬಿಟ್ಟುಕೊಂಡು ಆ ಚಿಟಿಕೆ ಹುಡಿ ಉರಿದ ರೀತಿಗೆ, ನಾನು ಗಡ್ಡದವನ ಇಂಗ್ಲಿಷಿನಲ್ಲೇ ಹಸುವಿಗೆ ವಿವರಣೆ ಕೊಟ್ಟೆ. ಆಮೇಲೆ ತುಂಡನ್ನು ತಿರುಗಿಸಿದೆ. ಹಿಂದುಗಡೆ ಕಪ್ಪು ಮಸಿಯಲ್ಲಿ ಅಚ್ಚು ಹಾಕಿದ್ದ ಒಂದು ವೈನ್ ಗ್ಲಾಸು, ಒಂದು ಕೊಡೆ, ಮೇಲಕ್ಕೆ ತೋರಿಸುವ ಎರಡು ಬಾಣ.

ನಮ್ಮ ತಾತ ನೆಟ್ಟ ಮರ. ತಾತ ಕುಡಿಯುತ್ತಿರಲಿಲ್ಲ.

ಸಂಜೆ ಅಪ್ಪ ಜಗಲಿಯಲ್ಲಿ ಕೂತಿದ್ದಾಗ ತುಂಡನ್ನು ಮುಂದಿಟ್ಟೆ. ಗ್ಲಾಸಿನ ಮಗ್ಗುಲನ್ನೇ ಮೇಲೆ ಮಾಡಿ ಇಟ್ಟೆ.

"ಇದೇನಪ್ಪಾ, ತೇಗದ ಮರಕ್ಕೆ ಬಾರ್ ಲೈಸೆನ್ಸು?"

ಅಪ್ಪ ನಗಲಿಲ್ಲ. ತುಂಡನ್ನು ಬೋರಲು ಹಾಕಿ, "ಫಾರಿನ್ನಿಂದ ಫ್ಯಾಕ್ಟ್ರಿಗೆ ಮಿಸಿನ್ ತುಂಬ್ಕೊಂಡ್ ಬಂದಿದ್ ಪೆಟ್ಗೆ ಮರ ಕಣ್ಲಾ," ಅಂದ. "ಆಚಾರಿ ಬಣ್ಣ ಒಡುದ್ರೆ ಯಾರ್ಗೂ ಗೊತ್ತಾಗಕಿಲ್ಲ ಅಂದ."

"ಮತ್ತೆ ತಾತನ ಮರ?"

"ನೆಟ್ಟಿದ್ದು ದಿಟ. ದೊಡ್ ರಸ್ತೆಗೆ ಜಮೀನ್ ಓಯ್ತಲ್ಲ, ಅದ್ರ ಜೊತೆ ಓಯ್ತು. ಮರ ಬೀಳ್ವಾಗ ನಾನ್ ಅಲ್ಲೇ ನಿಂತಿದ್ದೆ." ತುಂಡನ್ನು ನನ್ನ ಕಡೆ ತಳ್ಳಿ, "ಅವ್ರು ಯಾವ್ ಮರ ಅಂತ ಕೇಳ್ದಾಗ ಬಾಯ್ಗೆ ಅದೇ ಬಂದ್ಬುಡ್ತು," ಅಂದ.

ನಾಲಿಗೆಗೆ ಬಂದ ಇನ್ನೊಂದು ಜೋಕನ್ನು ನುಂಗಿ ಪಕ್ಕದಲ್ಲಿ ಕೂತೆ. ನನ್ನ ಮಟ್ಟಿಗೆ ಅದು ದೊಡ್ಡ ವಿಷಯ.

"ಗೊತ್ತಾದ್ರೆ ನಂಗೇನಾಗ್ತದೆ ಬುಡು, ನಾನ್ ಇಲ್ಲಿರ್ತೀನಿ," ಅಂದ ಅಪ್ಪ. "ಅವ್ಳು ಅಲ್ಲಿ ಬಾಳ್ಬೇಕು. ಪೆಟ್ಗೆ ಮಂಚದೋಳು ಅಂತ ಎಸ್ರು ಬಿದ್ರೆ ಮೊಮ್ಮಕ್ಕಳ ಕಾಲಕ್ಕೂ ಓಗಕಿಲ್ಲ. ಆ ಚೀಲದಾಗಿರದೆಲ್ಲಾ ತಕ್ಕೊಂಡೋಗಿ ಅಂಡೆ ಒಲೆಗೆ ಆಕು. ಒಂದೂ ಉಳೀಬಾರ್ದು."

ಹಾಕಿದೆ. ಅವತ್ತು ನಮ್ಮ ಮನೆಯಲ್ಲಿ ಎರಡು ಸಲ ಸ್ನಾನಕ್ಕೆ ಆಗುವಷ್ಟು ನೀರು ಕಾಯಿತು. ಆದರೆ ಗಂಟಿರುವ ಆ ಒಂದು ತುಂಡನ್ನು ಒಲೆಗೆ ಹಾಕಲು ಕೈ ಬರಲಿಲ್ಲ. ಕೆಂಪು ಸೀರೆ ಕಣ್ಣ ಮುಂದೆ ಬಂತು. ಗ್ಲಾಸು ಕೊಡೆಗಳಿದ್ದ ಮಗ್ಗುಲನ್ನು ಕೆತ್ತಿ ತೆಗೆದು, ಹಲ್ಲುಜ್ಜುವ ಬ್ರಷ್ಷಿನಷ್ಟು ಮಾಡಿ, ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡೆ. ಒಂದು ತುಂಡಿನಿಂದ ಏನು ಆದೀತು ಅಂದುಕೊಂಡೆ.

ಊಟದ ದಿನ ಬೆಳಿಗ್ಗೆ ಅವರ ತೆಂಗಿನ ತೋಟಕ್ಕೆ ಹೋಗಿ ಇಳಿಯುತ್ತಿದ್ದಂತೆ ನಾಲ್ಕು ಜನ ಹೆಂಗಸರು ಸುತ್ತುವರಿದರು. ಭಾವನ ತಂಗಿಯೇ ಜೇಬು ತಡಕಿದಳು. ಫೋನು ಕಿತ್ತುಕೊಂಡಳು, ಅದರಲ್ಲಿ ಟಾರ್ಚ್ ಇದೆಯಂತೆ. ಟಾರ್ಚಿನಿಂದ ಒಲೆ ಹಚ್ಚಿದವರು ಯಾರೂ ಇಲ್ಲ ಅಂದರೆ, ನಿನ್ನ ನಂಬಕ್ಕಾಗಲ್ಲ ಅಂದಳು. ಕಿಡಿಕಡ್ಡಿ ಕೈಗೆ ಸಿಕ್ಕಿತು.

"ಇದೇನೋ?"

"ಬೈಕಿಂದು ಸ್ಪೇರು."

"ಈ ಮರದ ಚೂರು?"

"ಹಲ್ಲುಜ್ಜಕ್ಕೆ."

ಮೂಸಿ ನೋಡಿ ಮುಖ ಕಿವುಚಿದಳು. "ಅಲ್ಲುಜ್ಜಿದ ಮ್ಯಾಲೂ ಇಂಗಿರ್ತದಾ ನಿನ್ ಬಾಯಿ," ಅಂತ ಎರಡನ್ನೂ ವಾಪಸ್ ಕೊಟ್ಟಳು.

ಮೂರು ಗುಂಡುಕಲ್ಲಿನ ಒಲೆ, ಪಕ್ಕದಲ್ಲಿ ದೊಡ್ಡ ತಪ್ಪಲೆ. ಸೌದೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹೆಂಗಸರು ಕೆಂಪು ಸೀರೆಯನ್ನು ತೆಂಗಿನ ಮರಕ್ಕೆ ಕಟ್ಟಿದ್ದ ಹಗ್ಗದ ಮೇಲೆ ಬಾವುಟದ ಹಾಗೆ ಹರಡಿದ್ದರು. ಬ್ಲೌಸ್ ನಿಜವಾಗಿಯೂ ಹೊಲಿಸಿದ್ದರು. ಅಳತೆ ಯಾರು ಕೊಟ್ಟರೋ, ಅಕ್ಕನ ಮೇಲೇ ಅನುಮಾನ. ಅಡುಗೆಯವರು ಕೈಕಟ್ಟಿ ನಿಂತಿದ್ದರು. ಗಂಡಸರು ಸುತ್ತ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಾವ, ಅವರ ಪಕ್ಕದಲ್ಲಿ ಅಪ್ಪ. ಅಪ್ಪನ ಪಕ್ಕದಲ್ಲಿ ಮಳವಳ್ಳಿಯಲ್ಲಿ ಮರ ಕೊಯ್ಯುವ ಸಾಮಿಲ್ ಇಟ್ಟುಕೊಂಡಿರುವ ಮಾವನ ದಾಯಾದಿ. ಆ ಮಂಚದ ಕಥೆಯನ್ನು ಎಲ್ಲರಿಗಿಂತ ಹೆಚ್ಚು ಸಲ ಕೇಳಿದ್ದವರು, ಎಲ್ಲರಿಗಿಂತ ಕಡಿಮೆ ಮೆಚ್ಚಿದ್ದವರು ಅವರೇ. ನಿನ್ನ ಮಿಲ್ಲಿನಲ್ಲಿ ಇಂಥಾ ಮರ ಒಂದಾದರೂ ಇದೆಯಾ ಅಂತ ಮಾವ ಮೂರು ತಿಂಗಳಿಂದ ಅವರನ್ನು ಚುಚ್ಚುತ್ತಿದ್ದರು.

ನಾನು ಒಲೆಯ ಮುಂದೆ ಕೂತು ತುಂಡನ್ನು ಕಿಡಿಕಡ್ಡಿಯ ತಗಡಿನಿಂದ ಒಂದು ತೆಂಗಿನ ಚಿಪ್ಪಿನೊಳಗೆ ಕೆರೆದೆ. ಗುಡ್ಡೆಯಾಯಿತು. ಗಾಳಿ ಬಂತು, ಗುಡ್ಡೆ ಅಡುಗೆಯವರ ಪಂಚೆ ಮೇಲೆ ಹೋಯಿತು. ಹೆಂಗಸರು ಸೀರೆಯನ್ನು ಹಗ್ಗದಿಂದ ಇಳಿಸಿದರು. ಮತ್ತೆ ಕೆರೆದೆ. ಈ ಸಲ ಎರಡು ಮಂಡಿಗಳ ನಡುವೆ ಚಿಪ್ಪು ಇಟ್ಟುಕೊಂಡು ಕಿಡಿ ಹೊಡೆದೆ. ಒಂದು, ಎರಡು, ಐದು. ಕೈ ಬೆವರಿಗೆ ಕಡ್ಡಿ ಜಾರಿತು.

"ಮೇಕೆ ಸತ್ತು ಎರಡ್ ಗಂಟೆ ಆಯ್ತು ಸ್ವಾಮಿ," ಅಂದರು ಅಡುಗೆಯವರು. "ಅದುಕ್ಕೂ ಬೇಜಾರಾಯ್ತದೆ."

ಭಾವನ ತಂಗಿ ಸೀರೆಯ ನೆರಿಗೆ ಹಿಡಿಯತೊಡಗಿದಳು. ಉಸಿರು ಕಟ್ಟಿ ಹೊಡೆದೆ. ಕಿಡಿಯೊಂದು ಹುಡಿಯ ನಡುವೆ ಬಿದ್ದು, ಒಂದು ಕ್ಷಣ ಯೋಚಿಸಿ, ಹಳದಿ ಹೂವಿನಂತೆ ಅರಳಿತು. ಉಳಿದ ತುಂಡನ್ನು ಅದರ ಮೇಲಿಟ್ಟೆ. ತುಂಡು ತುಪ್ಪ ಹಾಕಿದ ಹಾಗೆ ಚಟಚಟ ಉರಿಯಿತು. ಚಿಪ್ಪನ್ನು ಒಲೆಯೊಳಗೆ ತಳ್ಳಿ, ಒಣ ತೆಂಗಿನ ಗರಿಯ ಎಳೆಗಳನ್ನು ಕೊಟ್ಟೆ, ಹಿಡಿಯಿತು. ಒದ್ದೆ ಸೌದೆ ಬುಸುಗುಟ್ಟಿ, ನೀರು ಕಾರಿ, ಕೊನೆಗೆ ಸೋತು ಉರಿಯಿತು. ಗಂಡಸರು ಶಿಳ್ಳೆ ಹೊಡೆದರು. ಅಡುಗೆಯವರು ತಪ್ಪಲೆ ಏರಿಸಿದರು. ಭಾವನ ತಂಗಿ ನೆರಿಗೆ ಬಿಟ್ಟು, ನನ್ನ ಎದೆಯ ಅಳತೆಗೆ ಹೊಲಿಸಿದ ಬ್ಲೌಸನ್ನೇ ನೋಡುತ್ತಾ ನಿಂತಳು.

"ಅದ್ಯಾವ್ ಮರನೋ ಅಂಗ್ ಉರೀತದೆ?"

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ಗೆದ್ದವನ ಬಾಯಿ, ಅದೂ ನನ್ನದು. ಎದ್ದು ನಿಂತು, ಎದೆ ಉಬ್ಬಿಸಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ನಮ್ಮಪ್ಪನ ದನಿಯಲ್ಲಿ ಹೇಳಿಬಿಟ್ಟೆ. "ತೇಗ. ನಮ್ಮಪ್ಪ ನೆಟ್ಟಿದ್ದು. ಈ ಮಗ ಉಟ್ಟಿದ್ ವರ್ಸವೇ ಬದೀನ್ ಮ್ಯಾಲೆ ನೆಟ್ಟು, ಇದ್ರಲ್ಲೇ ಮಂಚ ಮಾಡುಸ್ಬೇಕು ಅಂದಿದ್ರು. ಮಂಚುಕ್ ಮಿಕ್ಕಿದ್ ಚೂರು ಇದು."

ಎಲ್ಲರೂ ನಕ್ಕರು. ಮಿಮಿಕ್ರಿ ಎಷ್ಟು ಸರಿಯಾಗಿತ್ತು ಅಂದರೆ ಅಪ್ಪನೂ ಎದ್ದು ನಿಂತುಬಿಟ್ಟ. ಅವನ ಮುಖ ನೋಡಿದಾಗ ನನಗೆ ಗೊತ್ತಾಯಿತು, ನಾನು ಏನು ಹೇಳಿದೆ ಅಂತ.

ನಗದೆ ಕೂತಿದ್ದವರು ಸಾಮಿಲ್ಲಿನವರು ಒಬ್ಬರೇ. ಮೂಗು ಎತ್ತಿ ಗಾಳಿಯನ್ನು ಎರಡು ಸಲ ಎಳೆದುಕೊಂಡರು.

"ತೇಗ ಇಂಗೆ ನಾರಕಿಲ್ಲ," ಅಂದರು ನಿಧಾನವಾಗಿ. "ಇಷ್ಟ್ ಕರ್ರಗೆ ಒಗೆ ಬುಡಾಕಿಲ್ಲ. ಮೂವತ್ ವರ್ಸದಿಂದ ಮರ ಕುಯ್ತಾ ಇವ್ನಿ. ಅಣ್ಣಾ, ಊಟ ಆಗ್ಲಿ, ಒಸಿ ಮಂಚ ನೋಡ್ತೀನಿ. ಅಡೀನಾಗೆ ಒಂಚೂರು ಕೆರುದ್ರೆ ಸಾಕು, ಏಳ್ಬುಡ್ತೀನಿ." ಜೇಬಿನಿಂದ ಸಣ್ಣ ಚಾಕು ತೆಗೆದು, ಬಿಚ್ಚಿ ಮಡಚಿ ಮತ್ತೆ ಒಳಗಿಟ್ಟರು.

"ನೋಡ್ವಂತೆ, ಅದುಕ್ಕೇನಂತೆ," ಅಂದರು ಮಾವ.

ಊಟ ಬಂತು. ಮುದ್ದೆ, ಬಾಡಿನ ಸಾರು, ಬೋಟಿ ಗೊಜ್ಜು. ಅಪ್ಪ ಮುದ್ದೆಯನ್ನು ಮುರಿದು ಉಂಡೆ ಮಾಡುತ್ತಿದ್ದ, ಮಾಡಿದ್ದನ್ನು ಎಲೆಯ ಮೇಲೇ ಇಡುತ್ತಿದ್ದ. ಹನ್ನೊಂದು ಉಂಡೆ ಸಾಲಾಗಿ ನಿಂತವು, ಒಂದೊಂದರ ನಡುವೆ ಸರಿಯಾದ ಅಂತರ. ಬಡಿಸಲು ಬಂದ ಅಕ್ಕ, "ಉಣ್ಣಪ್ಪ," ಅಂದಳು. "ಉಂಡೆ ಕಣವ್ವ," ಅಂದ. ಅವನು ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ಅದನ್ನಾದರೂ ಕಲಿತುಕೊಳ್ಳುತ್ತಿದ್ದೆ.

ಮಾವ ಮಾತ್ರ ಸರಸರ ಉಂಡರು. ಎರಡನೇ ಸಲ ಬಡಿಸಲು ಬಂದರೆ ಕೈ ಅಡ್ಡ ಹಿಡಿದರು. ಆ ಮನುಷ್ಯ ಬಾಡು ಬಡಿಸುವಾಗ ಕೈ ಅಡ್ಡ ಹಿಡಿದದ್ದನ್ನು ಊರಿನವರು ಯಾರೂ ನೋಡಿರಲಿಲ್ಲ. ಕೈ ತೊಳೆದವರೇ ತೋಟದಿಂದ ಮನೆಯ ಕಡೆ ಹೆಚ್ಚು ಕಡಿಮೆ ಓಡಿದರು.

ನಾವು ಮನೆಗೆ ಹೋಗುವ ಹೊತ್ತಿಗೆ ಮಾವ ನಡುಮನೆಯ ಮಂಚದ ಮೇಲೆ ಅಂಗಾತ ಮಲಗಿದ್ದರು. ಬಾಯಿ ತೆರೆದಿತ್ತು. ಗೊರಕೆ ನಡೆಯುತ್ತಿತ್ತು. ಸಾಮಿಲ್ಲಿನವರು ಎಲೆಅಡಿಕೆ ಅ‌ಗಿಯುತ್ತಾ ಬಾಗಿಲಲ್ಲಿ ನಿಂತರು.

"ಈಗ್ ತಾನೆ ಉಂಡ್ರು," ಅಂದರು.

"ಉಂಡ್ ತಕ್ಸಣ ಮಲೀಕತಾರೆ ಚಿಕ್ಕಪ್ಪ," ಅಂದಳು ಭಾವನ ತಂಗಿ. "ಮಲಗುದ್ರೆ ಸಂಜೆಗಂಟ ಏಳಕಿಲ್ಲ."

"ಮಲ್ಗಿರ್ಲಿ. ಮೇಲ್ ಮಲಗವ್ರೆ, ನನ್ಗೆ ಬೇಕಾಗಿರದು ಅಡಿ." ಚಾಕು ಬಿಚ್ಚಿ ಮಂಚದ ಪಕ್ಕ ಮಂಡಿಯೂರಿದರು. ತಲೆ ಮಂಚದ ಕೆಳಗೆ ಹೋಗಬೇಕು, ಅಷ್ಟರಲ್ಲಿ ನಿದ್ದೆಯಲ್ಲಿದ್ದ ಮಾವನ ಎಡಗೈ ಪಕ್ಕಕ್ಕೆ ಬಿತ್ತು. ಸರಿಯಾಗಿ ಅವರ ನೆತ್ತಿಯ ಮೇಲೆ. ಅವರು ಈ ಕಡೆಯಿಂದ ಎದ್ದು ಆ ಕಡೆ ಹೋದರು. ಬಲಗೈ ಬಿತ್ತು.

ಗೊರಕೆಯ ವಿಷಯದಲ್ಲಿ ನನಗೆ ಸ್ವಲ್ಪ ತಿಳುವಳಿಕೆ ಇದೆ, ಅರ್ಧ ಪ್ರೋಗ್ರಾಂ ಅದರಲ್ಲೇ ನಡೆಸುತ್ತೇನೆ. ನಿಜವಾದ ಗೊರಕೆ ಒಂದೇ ಸಮ ಇರುವುದಿಲ್ಲ, ನಡುವೆ ಎಲ್ಲೋ ತಪ್ಪಿಹೋಗಿ ಮತ್ತೆ ಸಿಗುತ್ತದೆ. ಮಾವನದು ರೈಲು ಬಿಟ್ಟ ಹಾಗೆ ಸಮವಾಗಿತ್ತು. ಅದು ನಾಟಕ ಅಂತ ಗೊತ್ತಾಯಿತು. ಯಾಕೆ ಅಂತ ಮಾತ್ರ ಗೊತ್ತಾಗಲಿಲ್ಲ. ಇದ್ದಕ್ಕಿದ್ದಂತೆ ಅವರಿಗೆ ಕೆಮ್ಮು ಒತ್ತಿ ಬಂತು. ಗೊರಕೆ ನಿಂತಿತು. ಕೊರಳ ನರ ಉಬ್ಬಿತು. ಸಾಮಿಲ್ಲಿನವರು ತಲೆ ಎತ್ತಿದರು.

ನಾನು ಬಾಗಿಲ ಹಿಂದೆ ನಿಂತಿದ್ದೆ. ಅಲ್ಲಿಂದಲೇ ಗೊರಕೆಯನ್ನು ಕೈಗೆತ್ತಿಕೊಂಡೆ. ಅದೇ ಶ್ರುತಿ, ಆದರೆ ನಡುವೆ ಒಂದು ಸಲ ತಪ್ಪಿಸಿ, ಒಂದು ಸಲ ಸಿಳ್ಳೆ ಸೇರಿಸಿ, ತುಟಿ ಪಟಪಟ ಅನಿಸಿ. ಮಾವನ ಬಾಯಿ ನನ್ನ ತಾಳಕ್ಕೆ ತೆರೆದು ಮುಚ್ಚತೊಡಗಿತು. ಅಪ್ಪ ಗೋಡೆಗೆ ಆನಿಕೊಂಡು ಒಮ್ಮೆ ಮಂಚವನ್ನು, ಒಮ್ಮೆ ಬಾಗಿಲನ್ನು ನೋಡಿದ. ಅಕ್ಕ ಬಂದು ಸಾಮಿಲ್ಲಿನವರ ಪಕ್ಕ ನಿಂತು, "ಮಾವುಂಗೆ ಬಿಪಿ ಐತೆ ಚಿಕ್ಕಪ್ಪ. ಎಚ್ರಾದ್ರೆ ಕಷ್ಟ," ಅಂದಳು. ಸಾಮಿಲ್ಲಿನವರು ಒಂದು ಎಲೆಅಡಿಕೆ ಮುಗಿಸಿದರು. ಇನ್ನೊಂದು ಹಾಕಿಕೊಂಡರು. ನನ್ನ ಗಂಟಲು ಒಣಗಿತು. ಕೊನೆಗೆ ಮಿಲ್ಲಿನಿಂದ ಫೋನ್ ಬಂತು, ಲಾರಿ ಬಂದು ನಿಂತಿದೆ ಅಂತ.

"ಕಾವ್ಲುಗಾರ ಮಲಗಿರೋ ಮಂಚ ಇದೊಂದೇ ನಾನ್ ನೋಡಿರದು," ಅಂದು ಚಾಕು ಮಡಚಿಕೊಂಡು ಹೋದರು. ಭಾವನ ತಂಗಿ ಅವರನ್ನು ಕಳಿಸಲು ಬೈಕಿನ ತನಕ ಹೋದಳು.

ಬೈಕಿನ ಸದ್ದು ದೂರವಾದ ಮೇಲೆ ಮಾವ ಒಂದು ಕಣ್ಣು ತೆರೆದರು.

"ಓದ್ನಾ?"

"ಓದ್ರು ಮಾವ," ಅಂದಳು ಅಕ್ಕ.

"ಲೇ, ಬಾಗ್ಲು ಇಂದ್ಗಡೆ ಇರೋನೆ, ಬಾರ್ಲಾ ಈಚೆಗೆ. ನಾನ್ ಅಂಗ್ ಅಸಯ್ಯವಾಗಿ ಗೊರ್ಕೆ ಒಡೀತೀನೇನ್ಲಾ?"

"ಒಸಿ ಕಮ್ಮಿನೇ ಮಾಡ್ದೆ ಮಾವ."

ಅವರು ಏಳಲು ಹೋದರು. ತಲೆ ಬಂತು, ಕಾಲು ಬಂತು, ನಡು ಬರಲಿಲ್ಲ. ಇನ್ನೊಂದು ಸಲ ಹೋದರು. ಅಂಗಿಯ ಜೊತೆ ಮಂಚವೂ ಕಿರುಗುಟ್ಟಿತು.

ಆಗ ಅಪ್ಪ ಗೋಡೆ ಬಿಟ್ಟು ಮುಂದೆ ಬಂದ. ಎರಡೂ ಕೈ ತೊಡೆಗೆ ಅಂಟಿಸಿ, ಪೆರೇಡಿನಲ್ಲಿ ನಿಂತ ಹಾಗೆ ನಿಂತ.

"ಬೀಗ್ರೇ, ಅದು ತೇಗ ಅಲ್ಲ."

"ಎರಡ್ ತಿಂಗ್ಳಿಂದ ಬೆನ್ಗೆ ಅಂಟ್ಕತಾ ಐತೆ, ನಂಗೊತ್ತಿಲ್ವಾ," ಅಂದರು ಮಾವ ಸೂರು ನೋಡುತ್ತಾ. "ಬಿಸ್ಲು ಏರ್ದಂಗೆ ಗಂಟ್ ಗಂಟೂ ಬೆವುರ್ತದೆ. ತೇಗ ಎಲ್ಲಾರ ಬೆವುರ್ತದಾ?"

"ನಮ್ಮಪ್ಪ ನೆಟ್ಟಿದ್ ಮರ ದಿಟ. ಅದು ರಸ್ತೆಗೆ ಓಯ್ತು. ಇವ್ಳಿಗೆ ಅಂತ ನೆಟ್ಟಿದ್ದು. ಅದೇ ಓದ್ ಮ್ಯಾಲೆ ಇನ್ಯಾವ್ ಮರ ಅಂತ ಏಳ್ಲಿ. ನಾನ್ ಸುಳ್ ಏಳ್ದೆ ಬೀಗ್ರೇ. ತಪ್ಪು ನಂದು, ಮಗಳ್ದಲ್ಲ."

"ನೆಟ್ಟಿದ್ ದಿಟ ತಾನೆ?"

"ದಿಟ."

"ನಾನ್ ಊರ್ಗೆಲ್ಲಾ ಏಳಿರದೂ ಅದೇಯ. ನೆಟ್ರು ಅಂತ ಏಳ್ದೆ, ನೀರ್ ಒತ್ರು ಅಂತ ಏಳ್ದೆ. ನೀರ್ ಒಂದ್ ನಾನ್ ಸೇರುಸ್ದೆ, ಅದು ನನ್ ತಪ್ಪು. ಮಿಕ್ಕಿದ್ದೆಲ್ಲಾ ಆಮೇಲ್ ಮಾತಾಡಾಣ, ಮೊದ್ಲು ನನ್ನ ಕೀಳಿ."

ಅಕ್ಕ ಆಗಲೇ ಕೊಬ್ಬರಿಎಣ್ಣೆ ಬಾಟಲಿ ಹಿಡಿದು ನಿಂತಿದ್ದಳು. ಅಂಗಿಯ ಅಂಚಿನ ಸುತ್ತ ಬೆರಳಿನಿಂದ ಎಣ್ಣೆ ಬಿಡುತ್ತಾ ಹೋದಳು, ಎಲ್ಲೆಲ್ಲಿ ಬಿಡಬೇಕು ಅಂತ ನೋಡದೆಯೇ ಗೊತ್ತಿತ್ತು. "ಬಿಸ್ಲು ಜಾಸ್ತಿ ಇದ್ ದಿನ ಇದೇ ಕೆಲ್ಸ ಕಣಪ್ಪ," ಅಂದಳು ಅಪ್ಪನಿಗೆ. "ಬೆಳಿಗ್ಗೆ ಅಂಡೆ ಒಲೆ ಅಚ್ಚಕ್ಕೂ ಅಡೀಲಿ ಒಂಚೂರು ಕೆರ್ಕಂಡೋಯ್ತೀನಿ. ಸೀಮೆಎಣ್ಣೆನೇ ಬೇಡ."

ಅಂದರೆ ಅವಳಿಗೆ ಬಹಳ ದಿನದಿಂದಲೇ ಗೊತ್ತಿತ್ತು. ಅಪ್ಪ ಅವಳನ್ನು ನೋಡಿದ. ಅವಳು ಎಣ್ಣೆಯನ್ನು ನೋಡಿದಳು.

ಅಪ್ಪ ಒಂದು ತೋಳು ಹಿಡಿದ, ನಾನು ಇನ್ನೊಂದು. ಒಂದು, ಎರಡು, ಮೂರು ಅಂತ ಅಪ್ಪ ಎಣಿಸಿದ. ಮೂರಕ್ಕೆ ಎಳೆದೆವು. ಮಾವ ಬಂದರು. ಅಂಗಿಯ ಬೆನ್ನು ಅಲ್ಲೇ ಉಳಿಯಿತು, ಚಚ್ಚೌಕವಾಗಿ, ಇಸ್ತ್ರಿ ಮಾಡಿ ಹಾಸಿದ ಹಾಗೆ. ಮಾವ ಬರಿ ಬೆನ್ನು ಸವರಿಕೊಳ್ಳುತ್ತಾ ಮಂಚದ ಅಂಚಿನಲ್ಲಿ ಕೂತು, ಮೂರು ತಿಂಗಳಿಂದ ಒಂದು ಸಲವೂ ಆ ಮಂಚದ ಮೇಲೆ ಕೂರದಿದ್ದ ಅಪ್ಪನಿಗೆ ಪಕ್ಕದ ಜಾಗ ತೋರಿಸಿದರು.

ಅಪ್ಪ ಹಿಂಜರಿಯುತ್ತಾ ಬಗ್ಗಿದ.

"ಅಲ್ಲಲ್ಲ ಬೀಗ್ರೇ," ಅಂದರು ಮಾವ, ಅವನ ಮೊಣಕೈ ಹಿಡಿದು ಪಕ್ಕಕ್ಕೆ ಸರಿಸುತ್ತಾ. "ಅಲ್ಲೊಂದ್ ಗಂಟೈತೆ. ಈ ಕಡೀಕ್ ಬನ್ನಿ."

ಅಪ್ಪ ಅವರು ತೋರಿಸಿದ ಕಡೆಯೇ ಕೂತ.